ಭದ್ರಾವತಿಯ ಕುಲುಮೆಯೂ ಹೊರನಾಡಿನ ವಕೀಲರೂ



ಕಳೆದ ತಿಂಗಳು ಶಿವಮೊಗ್ಗದ ಗೋಪಿ ವೃತ್ತದ ಬಳಿ ಹಳೆಯ ಶಿಷ್ಯನೊಬ್ಬ ಎದುರಾದ. ಇಪ್ಪತ್ತು ವರ್ಷಗಳಿಂದ ವಕೀಲಿ ವೃತ್ತಿಯಲ್ಲಿದ್ದಾನೆ; ಮಗಳೂ ಕಾನೂನು ಓದುತ್ತಿದ್ದಾಳೆ. "ಮೇಷ್ಟ್ರೇ, ಲಂಡನ್ನಿನ, ನ್ಯೂಯಾರ್ಕಿನ ವಕೀಲ ಸಂಸ್ಥೆಗಳು ಬಂದರೆ ಅವಳಂಥವರ ಗತಿಯೇನು?" ಎಂದ. ರಸ್ತೆಬದಿಯಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಸಂಸ್ಥೆಗಳು ಕಡಲು ದಾಟುವುದು ಕಕ್ಷಿದಾರನ ಬೆನ್ನು ಹಿಡಿದು. ಕಂಪನಿ ಹೊಸ ದೇಶದಲ್ಲಿ ಬಂಡವಾಳ ಹೂಡಿದರೆ ಅದರ ಕರಾರು ಬರೆಯುವವರೂ ಅಲ್ಲಿ ಕಚೇರಿ ತೆರೆಯುತ್ತಾರೆ. ಹಲವು ದೇಶಗಳ ಕಾನೂನು ಒಂದೇ ಸೂರಿನಡಿ ದೊರೆಯುವುದೇ ಅವರ ಮೇಲುಗೈ. 1990ರ ದಶಕದಲ್ಲಿ ಮೂರು ವಿದೇಶಿ ಸಂಸ್ಥೆಗಳು ರಿಸರ್ವ್ ಬ್ಯಾಂಕಿನ ಅನುಮತಿ ಪಡೆದು ಇಲ್ಲಿ ಸಂಪರ್ಕ ಕಚೇರಿ ತೆರೆದವು. 1961ರ ವಕೀಲರ ಅಧಿನಿಯಮದಂತೆ ಸಲಹೆ ನೀಡುವುದೂ ವಕೀಲಿಯೇ, ಆದ್ದರಿಂದ ಆ ಅನುಮತಿ ಸಲ್ಲದು ಎಂದು 2009ರಲ್ಲಿ ಬಾಂಬೆ ಹೈಕೋರ್ಟ್ ತೀರ್ಪಿತ್ತಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಒಪ್ಪಿ, ಆಗೊಮ್ಮೆ ಈಗೊಮ್ಮೆ ಬಂದು ತಮ್ಮ ದೇಶದ ಕಾನೂನಿನ ಸಲಹೆ ನೀಡಿ ಹೋಗಲು ಮಾತ್ರ ಅಡ್ಡಿಯಿಲ್ಲವೆಂದಿತು. ಭಾರತೀಯ ವಕೀಲರ ಪರಿಷತ್ತು 2023ರಲ್ಲಿ ನಿಯಮ ರೂಪಿಸಿ 2025ರಲ್ಲಿ ತಿದ್ದಿತು. ಅದರಂತೆ ನೋಂದಾಯಿತ ವಿದೇಶೀಯರು ತಮ್ಮ ದೇಶದ ಕಾನೂನು ಹಾಗೂ ಅಂತರರಾಷ್ಟ್ರೀಯ ಕಾನೂನಿನ ಸಲಹೆ ನೀಡಬಹುದು. ನಮ್ಮ ನ್ಯಾಯಾಲಯಗಳಲ್ಲಿ ವಾದಿಸುವಂತಿಲ್ಲ. ಅವರ ದೇಶವೂ ನಮ್ಮವರಿಗೆ ಅದೇ ಅವಕಾಶ ಕೊಡಬೇಕು.

ಭದ್ರಾವತಿಯವರಿಗೆ ಇಂಥ ಕಥೆ ಹೊಸದಲ್ಲ. ಅಲ್ಲಿನ ಕಬ್ಬಿಣದ ಕಾರ್ಖಾನೆಯ ಯೋಜನೆಗೆ ಮೈಸೂರು ಸರ್ಕಾರದ ಸಲಹೆಗಾರರಾಗಿದ್ದುದು ನ್ಯೂಯಾರ್ಕಿನ ಪೆರಿನ್ ಮತ್ತು ಮಾರ್ಷಲ್ ಸಂಸ್ಥೆ. 1923ರಲ್ಲಿ ಕುಲುಮೆ ಹೊತ್ತಿಕೊಂಡಾಗ ಕಬ್ಬಿಣದ ಬೆಲೆಯೇ ಕುಸಿದಿತ್ತು. ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದ ವಿಶ್ವೇಶ್ವರಯ್ಯನವರು ಹೊರಗಿನ ತಜ್ಞರ ಸ್ಥಾನಕ್ಕೆ ನಮ್ಮವರನ್ನೇ ತಯಾರು ಮಾಡಿದರು. ವಿದ್ಯೆ ಕಡಲಾಚೆಯಿಂದ ಬಂದಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಇದ್ದಿಲು ನಮ್ಮವೇ ಆಗಿದ್ದವು.

ನನ್ನ ಶಿಷ್ಯನಿಗೂ ಅಂಥ ಅದಿರು ಇದೆ. ಪಹಣಿಯ ತಿದ್ದುಪಡಿ, ಬಗರ್‌ಹುಕುಂ ಅರ್ಜಿ, ಅಡಿಕೆ ತೋಟದ ಪಾಲುಪಟ್ಟಿ, ಇವುಗಳ ಒಳಮರ್ಮ ಲಂಡನ್ನಿನವನಿಗೆ ತಿಳಿಯದು. ಆದರೆ ಅಪ್ಪನಿಗೆ ಸಾಕಾದದ್ದು ಮಗಳಿಗೆ ಸಾಲದು. ಬೇಲಿ ಬೆಳೆಯನ್ನು ಕಾಯುತ್ತದೆ, ಬೆಳೆಯುವುದಿಲ್ಲ. ಅವಳು ಅಂತರರಾಷ್ಟ್ರೀಯ ಕರಾರು, ಮಧ್ಯಸ್ಥಿಕೆಗಳ ಕಾನೂನನ್ನೂ ಕಲಿಯಲಿ. ಬಾಗಿಲು ಹೊರಕ್ಕೂ ತೆರೆಯುತ್ತದೆ.

ನಿಮ್ಮಲ್ಲಿ ವಕೀಲರಾದವರು ಇದನ್ನೋದಿ, ತಪ್ಪಿದ್ದರೆ ತಿದ್ದಿರಿ. ಒಂದು ಕಾಲಕ್ಕೆ ನಿಮ್ಮ ತಪ್ಪುಗಳನ್ನು ನಾನು ಕೆಂಪು ಶಾಯಿಯಲ್ಲಿ ತಿದ್ದಿದವನಲ್ಲವೇ!