ತರಬೇತಿಯ ಜತೆಗೇ ಬ್ಯಾಂಕ್: ಉಜಿರೆಯಿಂದ ದೇಶಕ್ಕೆ ಹಬ್ಬಿದ ಮಾದರಿ

ಗ್ರಾಮೀಣ ಬಡ ಯುವಜನರಿಗೆ ಕಸುಬು ಕಲಿಸಲು ಕೇಂದ್ರ ಸರ್ಕಾರ 1979ರಲ್ಲಿ ‘ಟ್ರೈಸೆಮ್’ ಯೋಜನೆಯನ್ನು ಆರಂಭಿಸಿತು. ಆದರೆ ಕಲಿತವರಲ್ಲಿ ಅನೇಕರು ಬಂಡವಾಳವಿಲ್ಲದೆ ಸ್ವಂತ ಉದ್ಯೋಗಕ್ಕೆ ಕೈಹಾಕಲೇ ಇಲ್ಲ. 1999ರಲ್ಲಿ ಆ ಯೋಜನೆ ಸ್ವರ್ಣಜಯಂತಿ ಗ್ರಾಮ ಸ್ವರೋಜಗಾರ್ ಯೋಜನೆಯಲ್ಲಿ ವಿಲೀನವಾಯಿತು.

ಈ ಕೊರತೆಯನ್ನು ತುಂಬುವ ದಾರಿ ಕಂಡದ್ದು ದಕ್ಷಿಣ ಕನ್ನಡ ಜಿಲ್ಲೆಯ ಉಜಿರೆಯಲ್ಲಿ. ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಕೆನರಾ ಬ್ಯಾಂಕ್ ಹಾಗೂ ಅಂದಿನ ಸಿಂಡಿಕೇಟ್ ಬ್ಯಾಂಕ್ 1982ರಲ್ಲಿ ಅಲ್ಲಿ ರುಡ್‌ಸೆಟ್ ಸಂಸ್ಥೆಯನ್ನು ಸ್ಥಾಪಿಸಿದವು. ಅಲ್ಪಾವಧಿ ತರಬೇತಿ, ಊಟ, ವಸತಿ ಎಲ್ಲವೂ ಉಚಿತ. ಹೊಲಿಗೆ, ಹೈನುಗಾರಿಕೆ, ದುರಸ್ತಿ ಕೆಲಸಗಳ ಜತೆಗೆ ಲೆಕ್ಕಪತ್ರ ಇಡುವುದನ್ನೂ ಬ್ಯಾಂಕ್ ವ್ಯವಹಾರವನ್ನೂ ಕಲಿಸಲಾಗುತ್ತದೆ. ತರಬೇತಿ ಮುಗಿದ ನಂತರವೂ ಎರಡು ವರ್ಷ ಅಭ್ಯರ್ಥಿಯ ಬೆಂಬಲಕ್ಕೆ ನಿಲ್ಲುವುದೇ ಇದರ ನಿಜವಾದ ವೈಶಿಷ್ಟ್ಯ.

ಗ್ರಾಮೀಣಾಭಿವೃದ್ಧಿ ಸಚಿವಾಲಯವು 2009ರಲ್ಲಿ ಇದೇ ಮಾದರಿಯನ್ನು ಆಧರಿಸಿ, ಜಿಲ್ಲೆಗೊಂದರಂತೆ ‘ಆರ್‌ಸೆಟಿ’ ಕೇಂದ್ರಗಳನ್ನು ತೆರೆಯುವ ಯೋಜನೆ ರೂಪಿಸಿತು. ನಡೆಸುವ ಹೊಣೆ ಬ್ಯಾಂಕುಗಳದು. ನಗರದ ಬಡವರಿಗಾಗಿ 2013ರಲ್ಲಿ ಬಂದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವೂ 2 ಲಕ್ಷ ರೂಪಾಯಿವರೆಗಿನ ವೈಯಕ್ತಿಕ ಸಾಲಕ್ಕೆ ಬಡ್ಡಿ ಸಹಾಯಧನ ನೀಡಿತು.

ಆದರೂ ತರಬೇತಿಯ ಪ್ರಮಾಣಪತ್ರ ಸಾಲದ ಖಾತರಿಯಲ್ಲ. ಅರ್ಜಿಯ ಅಂತಿಮ ತೀರ್ಮಾನ ಬ್ಯಾಂಕ್ ಶಾಖೆಯದೇ. ಇಂಥ ಯೋಜನೆಗಳ ವರದಿ ಓದುವಾಗ ತರಬೇತಿ ಪಡೆದವರೆಷ್ಟು ಎಂಬುದಕ್ಕಿಂತ, ಸಾಲ ದೊರೆತು ನೆಲೆ ನಿಂತವರೆಷ್ಟು ಎಂಬ ಅಂಕಿಯನ್ನೇ ಮೊದಲು ನೋಡಬೇಕು.