ಮಲ್ಟಿಪ್ಲೆಕ್ಸ್ ಎಲ್‌ಇಡಿ ಫಲಕ
ಅಡ್ಡ ಹಾಗೂ ಉದ್ದ ಸಾಲುಗಳಲ್ಲಿ ಜೋಡಿಸಿದ ಎಲ್‌ಇಡಿಗಳನ್ನು ಮೈಕ್ರೊಕಂಟ್ರೋಲರ್ ಒಂದೊಂದೇ ಸಾಲಾಗಿ ಬೆಳಗಿಸಿ ಅಕ್ಷರ, ಅಂಕಿಗಳನ್ನು ಮೂಡಿಸುವ ಪ್ರದರ್ಶನ ಫಲಕ. ಮಂಗಳೂರು ಜಂಕ್ಷನ್‌ನಂಥ ರೈಲು ನಿಲ್ದಾಣಗಳಲ್ಲಿ ಗಾಡಿ, ಬೋಗಿಗಳ ಸೂಚನೆಗೆ ಬಳಸುವ ಬಗೆ. 8×8 ಜೋಡಣೆಯ 64 ದೀಪಗಳಿಗೆ 16 ತಂತಿಗಳು ಸಾಕು. ಟೈಮರ್ ಇಂಟರಪ್ಟ್ ನೆರವಿನಿಂದ ಎಲ್ಲ ಸಾಲುಗಳನ್ನೂ ಸೆಕೆಂಡಿಗೆ ಸುಮಾರು 100 ಸಲ ಸರದಿಯಂತೆ ಬೆಳಗಿಸಿದರೆ ಕಣ್ಣಿಗೆ ಚಿತ್ರ ಸ್ಥಿರವಾಗಿ ಕಾಣುತ್ತದೆ. ಪ್ರತಿ ಸಾಲು 1/8 ಕಾಲವಷ್ಟೇ ಉರಿಯುವುದರಿಂದ ಆ ಕ್ಷಣದ ವಿದ್ಯುತ್ ಪ್ರವಾಹವನ್ನು ಹೆಚ್ಚಿಸಬೇಕು. ಅದನ್ನು ಟ್ರಾನ್ಸಿಸ್ಟರುಗಳು ಹೊರುತ್ತವೆ. ಸಾಲು ಬದಲಿಸುವ ಮುನ್ನ ದೀಪಗಳನ್ನು ಆರಿಸದಿದ್ದರೆ ಪಕ್ಕದ ಸಾಲಿನಲ್ಲಿ ಮಸುಕುಬಿಂಬ ಮೂಡುತ್ತದೆ. ಕನ್ನಡ ಫಲಕಕ್ಕೆ ಮುಖ್ಯ ತೊಡಕು ಲಿಪಿಯದು: ಇಂಗ್ಲಿಷ್ ಅಕ್ಷರ 5×7 ಚುಕ್ಕೆಗಳಲ್ಲಿ ಅಡಗಿದರೆ, ಗುಣಿತ, ಒತ್ತಕ್ಷರಗಳು ಸ್ಪಷ್ಟವಾಗಲು ಸಾಮಾನ್ಯವಾಗಿ 16 ಸಾಲುಗಳಾದರೂ ಬೇಕು. ಸಾಲು ಹೆಚ್ಚಿದಷ್ಟೂ ಪ್ರತಿಯೊಂದರ ಪಾಲಿನ ಕಾಲ ಕುಗ್ಗಿ ಹೊಳಪು ತಗ್ಗುವುದರಿಂದ ದೊಡ್ಡ ಫಲಕಗಳನ್ನು ಭಾಗಗಳಾಗಿ ಒಡೆದು, ಶಿಫ್ಟ್ ರಿಜಿಸ್ಟರುಗಳ ಮೂಲಕ ಏಕಕಾಲಕ್ಕೆ ನಡೆಸಲಾಗುತ್ತದೆ.