ಹೆಣ್ಣುಮಕ್ಕಳ ಶಾಲೆ: ಮುಚ್ಚಿದ ಗಾಡಿಯಿಂದ ಸೈಕಲ್ಲಿನವರೆಗೆ

ಶಾಲೆಯೆಂದರೆ ಪಾಠ, ಪರೀಕ್ಷೆ, ಫಲಿತಾಂಶ ಎಂದುಕೊಳ್ಳುವುದು ರೂಢಿ. ಆದರೆ ನಮ್ಮ ನಾಡಿನ ಹೆಣ್ಣುಮಕ್ಕಳ ಪ್ರೌಢಶಿಕ್ಷಣದ ಚರಿತ್ರೆ ಬೇರೆಯೇ ಕಥೆ ಹೇಳುತ್ತದೆ. ಹುಡುಗಿಯರು ಶಾಲೆಯಲ್ಲಿ ಉಳಿದದ್ದು ಪಠ್ಯಪುಸ್ತಕದ ಬಲವೊಂದರಿಂದಲೇ ಅಲ್ಲ. ಮನೆಯಿಂದ ಕರೆತಂದ ಗಾಡಿ, ಮಧ್ಯಾಹ್ನದ ಊಟ, ಚಿಲಕವಿರುವ ಶೌಚಾಲಯ, ಸೈಕಲ್ಲು ಇಂಥ ಅನುಕೂಲಗಳಿಗೂ ಅದರಲ್ಲಿ ದೊಡ್ಡ ಪಾಲಿದೆ.

ಅರಮನೆಯ ಆಸರೆ

ಬೆಂಗಳೂರಿನಲ್ಲಿ ಲಂಡನ್ ಮಿಷನ್‌ನವರು 1840ರ ದಶಕದಲ್ಲೇ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಲು ಆರಂಭಿಸಿದ್ದರು. ಆದರೆ ಮತಾಂತರದ ಭಯದಿಂದ ಮೇಲುಜಾತಿಯ ಹಿಂದೂ ಕುಟುಂಬಗಳು ಮಿಷನರಿ ಶಾಲೆಗಳತ್ತ ಮುಖ ಮಾಡಲು ಹಿಂಜರಿಯುತ್ತಿದ್ದವು. ಬ್ರಿಟಿಷರು ಮೈಸೂರು ಸಂಸ್ಥಾನವನ್ನು ಒಡೆಯರ ಮನೆತನಕ್ಕೆ ಮರಳಿಸಿದ 1881ರಲ್ಲೇ ಮೈಸೂರಿನಲ್ಲಿ ಮಹಾರಾಣಿ ಹೆಣ್ಣುಮಕ್ಕಳ ಶಾಲೆ ತೆರೆಯಿತು. ಅಂಬಳೆ ನರಸಿಂಹ ಅಯ್ಯಂಗಾರ್ಯರು ಅದನ್ನು ಕಟ್ಟಲು ದುಡಿದರು. ಅರಮನೆ ಬೆನ್ನಿಗೆ ನಿಂತಿತು.

ಶಾಲೆಯ ಮುಂದಿದ್ದ ಪ್ರಶ್ನೆ ಏನು ಕಲಿಸಬೇಕು ಎಂಬುದಷ್ಟೇ ಆಗಿರಲಿಲ್ಲ. ಹುಡುಗಿಯರು ಬರುವುದು ಹೇಗೆ? ಮರ್ಯಾದಸ್ಥ ಮನೆಯ ಹುಡುಗಿ ಬೀದಿಯಲ್ಲಿ ನಡೆದು ಹೋಗುವುದನ್ನು ಜನ ಒಪ್ಪುತ್ತಿರಲಿಲ್ಲ. ಅದಕ್ಕೆಂದೇ ಮುಚ್ಚಿದ ಗಾಡಿಗಳ ಏರ್ಪಾಡಾಯಿತು. ಇಂಗ್ಲಿಷ್, ಲೆಕ್ಕದ ಜೊತೆಗೆ ಸಂಗೀತ, ಸಂಸ್ಕೃತಗಳಿಗೂ ಜಾಗ ಸಿಕ್ಕಿತು. ಹಿರಿಯರ ಅಂಜಿಕೆಯನ್ನು ತಗ್ಗಿಸುವ ಜಾಣತನ ಇದರಲ್ಲಿತ್ತು. ಆದರೆ ಈ ಆಸರೆ ಎಲ್ಲರದಾಗಿರಲಿಲ್ಲ. ಆರಂಭದ ದಿನಗಳಲ್ಲಿ ಅದು ಮೇಲುಜಾತಿಯ ಮನೆಗಳ ಮಕ್ಕಳ ಶಾಲೆಯಾಗಿತ್ತೆಂಬುದನ್ನು ಮರೆಯುವಂತಿಲ್ಲ.

1891ರಲ್ಲಿ ಸರ್ಕಾರ ಶಾಲೆಯನ್ನು ವಹಿಸಿಕೊಂಡಿತು. ರವೀಂದ್ರನಾಥ ಠಾಕೂರರ ಸೋದರ ಸೊಸೆ ಸರಳಾದೇವಿ ಅದೇ ದಶಕದಲ್ಲಿ ಬಂಗಾಳದಿಂದ ಬಂದು ಇಲ್ಲಿ ಕೆಲಕಾಲ ಪಾಠ ಹೇಳಿದರು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಶಾಲೆ ಕಾಲೇಜಿನ ಮಟ್ಟಕ್ಕೇರಿತು.

ಗಾಡಿ ಬಾಗಿಲಿಗೆ ಬಂದರೂ ಹುಡುಗಿ ಎಷ್ಟು ವರ್ಷ ಓದಿಯಾಳು? ಬಾಲ್ಯವಿವಾಹ ಅಡ್ಡ ನಿಂತಿತ್ತು. ಮೈಸೂರು ಸರ್ಕಾರ 1894ರಲ್ಲಿ ತಂದ ಕಾಯಿದೆ ನಿಷೇಧಿಸಿದ್ದು ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು. ಜೊತೆಗೆ ಐವತ್ತು ದಾಟಿದ ಗಂಡಸು ಹದಿನಾಲ್ಕರ ಒಳಗಿನ ಹುಡುಗಿಯನ್ನು ಮದುವೆಯಾಗುವುದನ್ನು. ಅಷ್ಟನ್ನು ತಡೆಯುವುದಕ್ಕೇ ಆಗ ಕಾನೂನು ಬೇಕಾಗಿತ್ತೆಂದರೆ, ಪ್ರೌಢಶಾಲೆಯ ವಯಸ್ಸಿನ ಹುಡುಗಿ ತರಗತಿಯಲ್ಲಿ ಕೂತಿರುವುದೇ ಎಂಥ ಅಪರೂಪವಾಗಿದ್ದಿರಬೇಕು ಎಂಬುದನ್ನು ಊಹಿಸಬಹುದು.

ಮೂರು ಕಿಲೋಮೀಟರಿನ ಮಾತು

ನೂರು ವರ್ಷ ಕಳೆದರೂ ದೂರದ ಸಮಸ್ಯೆ ಹೋಗಲಿಲ್ಲ. ರೂಪ ಮಾತ್ರ ಬದಲಾಯಿತು. ಏಳನೆಯ ತರಗತಿಯವರೆಗಿನ ಶಾಲೆ ಊರಲ್ಲೇ ಇರುತ್ತದೆ, ಹೈಸ್ಕೂಲು ಪಕ್ಕದೂರಿನಲ್ಲಿ. ಹುಡುಗನಾದರೆ ನಡೆದೋ ಲಾರಿ ಹತ್ತಿಯೋ ಹೋದಾನು. ಹುಡುಗಿಯ ಓದು ಅಲ್ಲಿಗೇ ನಿಲ್ಲುವುದು ಸಾಮಾನ್ಯವಾಗಿತ್ತು. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಬಡ ಹುಡುಗಿಯರಿಗೆ ಉಚಿತ ಸೈಕಲ್ ಕೊಡಲು ತೊಡಗಿದ್ದು ಈ ಹಿನ್ನೆಲೆಯಲ್ಲಿ. ಮುಂದೆ ಹುಡುಗರಿಗೂ ಸೈಕಲ್ ಸಿಕ್ಕಿತು.

ಬಿಹಾರದಲ್ಲೂ ಅದೇ ಹೊತ್ತಿಗೆ ಇಂಥದೇ ಯೋಜನೆ ಆರಂಭವಾಯಿತು. ಅಲ್ಲಿ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಸೈಕಲ್‌ನಿಂದಾಗಿ ಹೆಣ್ಣುಮಕ್ಕಳ ಪ್ರೌಢಶಾಲಾ ದಾಖಲಾತಿ ಶೇ. 32ರಷ್ಟು ಏರಿತ್ತು. ಶಾಲೆ ಮೂರು ಕಿ.ಮೀ.ಗಿಂತ ದೂರವಿದ್ದ ಹಳ್ಳಿಗಳಲ್ಲಿ ಅದರ ಪರಿಣಾಮ ಹೆಚ್ಚಾಗಿ ಕಂಡಿತ್ತು. ನಮ್ಮಲ್ಲಿ 2020ರ ಕೋವಿಡ್ ಕಾಲದಲ್ಲಿ ಸೈಕಲ್ ವಿತರಣೆ ನಿಂತಿತು.

ಊಟದ ಕಥೆಯೂ ಹೀಗೆಯೇ ಹಂತಹಂತವಾಗಿ ಬೆಳೆಯಿತು. ಬೇಯಿಸಿದ ಊಟ ಕೊಡಬೇಕೆಂದು 2001ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ ಮೇಲೆ 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ‘ಅಕ್ಷರ ದಾಸೋಹ’ ಆರಂಭವಾಯಿತು. ಮೊದಲು ಕೆಳಗಿನ ತರಗತಿಗಳಿಗಿದ್ದ ಊಟ 2007ರಲ್ಲಿ ಹೈಸ್ಕೂಲಿಗೂ ಬಂತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಸೇರಿತು.

ಅದೇ ಸುಮಾರಿಗೆ ಬಂದ ‘ಶುಚಿ’ ಯೋಜನೆ ಇನ್ನೂ ಮುಖ್ಯವಾದದ್ದು. ಮುಟ್ಟಿನ ದಿನಗಳಲ್ಲಿ ಹುಡುಗಿಯರು ಶಾಲೆ ತಪ್ಪಿಸುತ್ತಾರೆಂಬುದು ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿಬಿಟ್ಟು ಆಡದ ಮಾತಾಗಿತ್ತು. ಸರ್ಕಾರವೇ ಸ್ಯಾನಿಟರಿ ಪ್ಯಾಡ್ ಹಂಚತೊಡಗಿದಾಗ ಆ ಮೌನ ಸ್ವಲ್ಪವಾದರೂ ಮುರಿಯಿತು. ನಡುವೆ ಕೆಲವು ವರ್ಷ ಈ ವಿತರಣೆ ನಿಂತದ್ದೂ ಉಂಟು.

ನಗರದ ಲೆಕ್ಕ

ಬೆಂಗಳೂರಿನಲ್ಲಿ ದೂರವನ್ನು ಅಳೆಯುವ ಬಗೆಯೇ ಬೇರೆ. ಅತ್ತಿಗುಪ್ಪೆಯನ್ನೇ ನೋಡಿ. ಒಂದು ಕಾಲದಲ್ಲಿ ಊರಾಚೆಯ ಹಳ್ಳಿ. ಇಂದು ವಿಜಯನಗರದ ಮಗ್ಗುಲಿನ ಕಿಕ್ಕಿರಿದ ಬಡಾವಣೆ. 2015ರ ನವೆಂಬರಿನಿಂದ ಇಲ್ಲಿ ಮೆಟ್ರೊ ನಿಲ್ದಾಣವೂ ಇದೆ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಜಾರಿಯಾದ ಮೇಲೆ ಹೆಣ್ಣುಮಕ್ಕಳು ಬಿ.ಎಂ.ಟಿ.ಸಿ.ಯ ಸಾಮಾನ್ಯ ಬಸ್ಸುಗಳಲ್ಲಿ ದುಡ್ಡಿಲ್ಲದೆ ಓಡಾಡಬಹುದು. ಇಲ್ಲಿಯ ಹುಡುಗಿಗೆ ಮೂರು ಕಿಲೋಮೀಟರು ದೊಡ್ಡ ದೂರವಲ್ಲ. ರಸ್ತೆ ದಾಟುವುದು, ನೂಕುನುಗ್ಗಲು, ಸಂಜೆ ಸ್ಪೆಷಲ್ ಕ್ಲಾಸ್ ಮುಗಿಸಿ ಕತ್ತಲಲ್ಲಿ ಹಿಂದಿರುಗುವುದು ಇವೇ ಅವಳ ದೂರ. ತಂದೆತಾಯಿ ಇಬ್ಬರೂ ದುಡಿಯಲು ಹೋಗುವ ಮನೆಯಲ್ಲಿ ತಮ್ಮತಂಗಿಯರನ್ನು ನೋಡಿಕೊಳ್ಳುವ ಹೊಣೆಯೂ ಅವಳ ಹೆಗಲಿಗೇ ಬೀಳುತ್ತದೆ.

ಇಂಥ ಸೌಲಭ್ಯಗಳನ್ನು ‘ಬಿಟ್ಟಿ ಭಾಗ್ಯ’ ಎಂದು ಮೂದಲಿಸುವವರಿದ್ದಾರೆ. ಅಂದು ಮಹಾರಾಣಿ ಶಾಲೆಯ ಗಾಡಿಯನ್ನು ಯಾರೂ ಬಿಟ್ಟಿ ಎಂದು ಹಂಗಿಸಲಿಲ್ಲ. ಅದರಲ್ಲಿ ಕೂತವರು ಉಳ್ಳವರ ಮನೆಯ ಮಕ್ಕಳಾಗಿದ್ದರು. ಕೂಲಿಕಾರನ ಮಗಳಿಗೆ ಸೈಕಲ್ ಕೊಟ್ಟಾಗ ಮಾತ್ರ ಖರ್ಚಿನ ಲೆಕ್ಕ ನೆನಪಾಗುವುದು ನ್ಯಾಯವಲ್ಲ. ಲೆಕ್ಕ ಕೇಳಲೇಬೇಕಾದರೆ ಇನ್ನೊಂದು ಲೆಕ್ಕವನ್ನೂ ಕೇಳಬೇಕು: ಎಂಟನೆಯ ತರಗತಿಗೆ ಸೇರಿದ ಹುಡುಗಿಯರಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಕೂತವರು ಎಷ್ಟು ಮಂದಿ? ಉಳಿದವರು ಎಲ್ಲಿ ಹೋದರು?